ತಂತಿ ಕಡಿದಿರಲಿಲ್ಲ

ನಮ್ಮ ಊರಿನಲ್ಲಿ ಮಾತು ಗಾಳಿಯಲ್ಲಿ ಹೋಗುವುದಿಲ್ಲ, ತಂತಿಯಲ್ಲಿ ಹೋಗುತ್ತದೆ. ಪ್ರತಿ ಕೇರಿಯಿಂದ ನೆಲದಡಿ ಒಂದು ತಂತಿ ಹೊರಟು ಊರ ನಡುವಿನ ತಂತಿಮನೆಗೆ ಬಂದು ಸೇರುತ್ತದೆ. ತಂತಿ ಸರಿಯಿದ್ದರೆ ಆ ಕೇರಿಯವರು ಊರಿನ ಯಾವ ಮೂಲೆಯಲ್ಲಿ ನಿಂತು ಬಾಯಿ ತೆರೆದರೂ ಕೇಳಿಸುತ್ತದೆ. ತಂತಿ ಕೈಕೊಟ್ಟರೆ ಅವರ ಮಾತು ಅವರ ಕೇರಿಯ ಗಡಿಗಲ್ಲಿನವರೆಗೆ ಮಾತ್ರ; ಗಡಿ ದಾಟಿದ ಮೇಲೆ ತುಟಿ ಅಲ್ಲಾಡುತ್ತದೆ, ಸದ್ದು ಬರುವುದಿಲ್ಲ. ಕಿವಿಗೆ ತಂತಿ ಬೇಕಿಲ್ಲ, ಬಾಯಿಗೆ ಮಾತ್ರ. ಹುಟ್ಟಿದ್ದು ಎಲ್ಲೇ ಆಗಲಿ, ರಾತ್ರಿ ಮಲಗುವ ಕೇರಿ ಯಾವುದೋ ಅದರ ತಂತಿಯೇ ನಮ್ಮ ಮಾತಿನ ತಂತಿ.

ಊರು ಇದಕ್ಕೆ ಒಗ್ಗಿಹೋಗಿದೆ. ಮಳೆಗಾಲದಲ್ಲಿ ಒಂದಲ್ಲ ಒಂದು ಕೇರಿಯ ತಂತಿ ನೀರು ಕುಡಿದು ಸುಮ್ಮನಾಗುತ್ತದೆ. ಆಗ ಆ ಕೇರಿಯ ಸೊಪ್ಪಿನವಳು ಕೂಗುವ ಬದಲು ತಕ್ಕಡಿಯ ತಟ್ಟೆ ಬಡಿಯುತ್ತ ಬರುತ್ತಾಳೆ. ಮದುವೆಯಿದ್ದರೆ ಮುಹೂರ್ತ ಮಧ್ಯಾಹ್ನಕ್ಕೆ ಸರಿಯುತ್ತದೆ. 'ತಂತಿ ಬರ್ಲಿ ಬಿಡಿ, ಅಷ್ಟರೊಳಗೆ ಇನ್ನೊಂದು ಕಾಫಿ ಆಗ್ಲಿ' ಎಂದು ಬೀಗರು ಚಾಪೆಯ ಮೇಲೆ ಇನ್ನಷ್ಟು ಹರಡಿಕೊಳ್ಳುತ್ತಾರೆ. ಜಗಳಕ್ಕೆ ಬಂದವನ ತಂತಿ ಹೋಗಿದ್ದರೆ ಎದುರಿನವನು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಾನೆ. ಬಾಯಿಲ್ಲದ ಹೊತ್ತಿನಲ್ಲಿ ಬೈಯುವುದು ಹೇಡಿತನ ಎಂದು ಊರಿನ ನಂಬಿಕೆ. ಈ ನಂಬಿಕೆ ಯಾವ ಕೇರಿಯವರೆಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು.

ನನ್ನ ಹೆಸರು ಸಣ್ಣತಾಯಿ. ತಂತಿಮನೆಯಲ್ಲಿ ಕೀಲಿಮಣೆಯ ಕೆಲಸಕ್ಕಿದ್ದೆ. ದಿನಾ ಬೆಳಿಗ್ಗೆ ಕಪ್ಪು ಪರದೆಯ ಮುಂದೆ ಕೂತು ಎಲ್ಲ ಕೇರಿಗಳ ಸ್ಥಿತಿ ಕೇಳುವುದು ನನ್ನ ಪಾಲಿನ ಕೆಲಸ. ಆ ಪರದೆಯಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ; ಮಿಣುಕುವ ಒಂದು ಗೆರೆ, ಅಷ್ಟೆ. ‘ಐಪಿ ಲಿಂಕ್’ ಎಂದು ಒತ್ತಿ, ಚುಟುಕಾಗಿ ಹೇಳು ಎನ್ನುವ ಗುರುತೊಂದನ್ನು ಸೇರಿಸಿದರೆ ಯಂತ್ರವು ಕೇರಿಗಳ ಹೆಸರನ್ನು ಒಂದರ ಕೆಳಗೊಂದು ಬರೆದು ಪಕ್ಕದಲ್ಲಿ ಅಪ್ ಅಥವಾ ಡೌನ್ ಎನ್ನುತ್ತದೆ. ಕೋಟೆಬೀದಿ ಅಪ್. ಮೇದರಕೇರಿ ಅಪ್. ಗಾಣಿಗರ ಬೀದಿ ಅಪ್. ಎಲ್ಲಕ್ಕಿಂತ ಕೆಳಗೆ, ಸುಣ್ಣದಕೇರಿ ಡೌನ್. ಡೌನ್ ಆದ ಕೇರಿಯ ಹೆಸರನ್ನು ಹೊರಗಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ಹಲಗೆಗೆ ಬೇಕಾದದ್ದು ಒಂದೇ ಮಾತು. ಅದಕ್ಕೇ ತಂತಿಮನೆಯಲ್ಲಿ ಚುಟುಕು ಉತ್ತರ ಕೇಳುವುದೇ ರೂಢಿ. ಉದ್ದದ ಉತ್ತರವನ್ನು ಯಾರೂ ಕೇಳುತ್ತಿರಲಿಲ್ಲ.

ಸುಣ್ಣದಕೇರಿ ನಾನು ಹುಟ್ಟಿದ ಕೇರಿ. ಕಲ್ಲು ತಂದು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುವವರು ನಮ್ಮವರು. ಊರಿನ ಗೋಡೆಗಳು ಬೆಳ್ಳಗಿರುವುದು ನಮ್ಮವರ ಎದೆಗೂಡು ಬೆಂದದ್ದರಿಂದ. ಕೆಲಸ ಸಿಕ್ಕಿದ ಮೇಲೆ ತಂತಿಮನೆಯವರು ಮೇದರಕೇರಿಯಲ್ಲಿ ನನಗೊಂದು ಕೋಣೆ ಕೊಟ್ಟರು. ಹಾಗಾಗಿ ನನ್ನ ಕೇರಿ ಮೂಕವಾಗಿದ್ದ ಆ ದಿನಗಳಲ್ಲೂ ನನ್ನ ಮಾತು ಊರಿಗೆಲ್ಲ ಕೇಳಿಸುತ್ತಿತ್ತು.

ಕೇರಿ ಡೌನ್ ಆದದ್ದು ಸುಮ್ಮನೆ ಅಲ್ಲ. ಅದರ ಹಿಂದಿನ ವಾರ ಊರಸಭೆಯಲ್ಲಿ ಒಂದು ವಿಷಯ ಓದಿದ್ದರು. ಸುಣ್ಣದ ಗೂಡುಗಳನ್ನು ಕೆಡವಿ, ಕೇರಿಯನ್ನು ಊರಾಚೆಯ ಹಳೆಯ ಕಲ್ಲುಗಣಿಗೆ ಸಾಗಿಸಿ, ಆ ಜಾಗದಲ್ಲಿ ಸಂಜೆ ತಿರುಗಾಡಲು ಉದ್ಯಾನ ಮಾಡುವ ವಿಷಯ. ನಮ್ಮ ಸಭೆಯಲ್ಲಿ ಕಾಗದ ನಡೆಯುವುದಿಲ್ಲ, ಮಾತೇ ಆಗಬೇಕು. ಯಾವ ಕೇರಿಯ ನೆಲದ ವಿಷಯವೋ ಆ ಕೇರಿಯ ಹೆಸರನ್ನು ಮುಂದಿನ ಸಭೆಯಲ್ಲಿ ಮೂರು ಸಲ ಕೂಗುತ್ತಾರೆ. ಆ ಕೇರಿಯಲ್ಲಿ ಮಲಗುವವರ ಒಂದು ಬಾಯಿಂದ ‘ಊಹೂಂ’ ಬಂದರೂ ಸಾಕು, ವಿಷಯ ಬಿದ್ದುಹೋಗುತ್ತದೆ. ಉತ್ತರವೇ ಬಾರದಿದ್ದರೆ ಒಪ್ಪಿದರು ಎಂದೇ ತೀರ್ಮಾನ. ಅಂದು ನನ್ನ ಚಿಕ್ಕವ್ವ ಮಂಚಮ್ಮ ಎದ್ದು ನಿಂತು, ಸೆರಗಿನಿಂದ ಮುಖದ ಸುಣ್ಣ ಒರೆಸಿಕೊಂಡು, 'ಕೂಗ್ರಪ್ಪ, ಕೂಗಿ. ಊಹೂಂ ಅನ್ನಕ್ಕೆ ಎಷ್ಟು ಉಸ್ರು ಬೇಕು? ಅಷ್ಟು ಇನ್ನೂ ಉಳಿಸ್ಕೊಂಡಿವ್ನಿ' ಎಂದಿದ್ದಳು. ಸಭೆ ನಕ್ಕಿತ್ತು. ಅಧ್ಯಕ್ಷರು ನಗಲಿಲ್ಲ.

ಮಾರನೆಯ ವಾರದಿಂದ ಕೇರಿಗೆ ಬಾಯಿಲ್ಲ. ತಂತಿಮನೆಯ ಮುಖ್ಯಸ್ಥರಾದ ಪರಮೇಶ್ವರಯ್ಯನವರು ಕನ್ನಡಕ ಹಣೆಗೇರಿಸಿಕೊಂಡು, 'ತಂತಿದೋಷ ಅಂತ ಬರಿಯಮ್ಮ. ಗಡಿಗಲ್ಲಿನ ಒಳಗಿನ ತಂತಿ ಕೇರಿಯವರದೇ ಜವಾಬ್ದಾರಿ, ಎಲ್ಲಿ ಕಡಿದಿದೆ ಅಂತ ಅವರೇ ಹುಡುಕಿಕೊಳ್ಳಬೇಕು' ಎಂದರು. ಬರೆದೆ. ಕೇರಿಯವರು ಗುದ್ದಲಿ ಹಿಡಿದರು.

ಊರಿಗೆ ಈ ಮೌನ ಹಿಡಿಸಿತು. ಕೋಟೆಬೀದಿಯ ಹೆಂಗಸೊಬ್ಬಳು ಹಲಗೆಯ ಮುಂದೆ ನಿಂತು ಇನ್ನೊಬ್ಬಳಿಗೆ ಹೇಳುತ್ತಿದ್ದುದನ್ನು ನಾನು ಕಿಟಕಿಯಿಂದ ಕೇಳಿದ್ದೇನೆ. 'ಈ ಸುಣ್ಣದೋರು ಎಷ್ಟು ಒಳ್ಳೆಯವರಾಗಿಬಿಟ್ರು ಕಣ್ರೀ. ಮೊದಲು ಬಾಯಿ ಅಂದ್ರೆ ಬಾಯಿ. ಈಗ ಬರ್ತಾರೆ, ಗೋಡೆ ಬಳೀತಾರೆ, ಕೊಟ್ಟಷ್ಟು ತಗೊಂಡು ತಲೆ ಆಡಿಸಿ ಹೋಗ್ತಾರೆ. ಸಂಸ್ಕಾರ ಬಂದಿದೆ.' ಆಕೆಯ ಮನೆಯ ಗೋಡೆಗೆ ಸುಣ್ಣ ಹೊಡೆಯುವಾಗ ಏಣಿಯಿಂದ ಬಿದ್ದ ನಮ್ಮ ಹುಡುಗಿಯೊಬ್ಬಳು ಹಿತ್ತಲಲ್ಲಿ ಎಷ್ಟು ಹೊತ್ತು ಕೂಗಿಕೊಂಡಳೋ, ಯಾರಿಗೂ ಕೇಳಿಸಿರಲಿಲ್ಲ. ಸಂಸ್ಕಾರ ಅಂದರೆ ಅದು.

ಕೇರಿಯೊಳಗೆ ಬೇರೆಯದೇ ಒಂದು ವಿಷ ಏರುತ್ತಿತ್ತು. ಅದನ್ನು ಹೇಳಬೇಕಾದರೆ ಬೋರಲಿಂಗಣ್ಣನ ವಿಷಯ ಹೇಳಬೇಕು. ಗೂಡಿನ ಚಪ್ಪರದಡಿ ಸಂಜೆ ಹೊತ್ತು ನಮ್ಮ ಕೇರಿಯ ಓದುಕೂಟ ಸೇರುತ್ತಿತ್ತು. ಬೋರಲಿಂಗಣ್ಣ ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಕಲ್ಲು ಒಡೆಯುತ್ತ ಕೇಳುತ್ತಿದ್ದರು. ನಾನು ಅಕ್ಷರ ಕಲಿತದ್ದು ಅಲ್ಲಿಯೇ. ಅವನದೊಂದು ಪದ್ಧತಿ. ಓದುವಾಗ ಏನೋ ತಾನಾಗಿಯೇ ಆಯಿತು ಎಂಬಂತೆ ಬಂದರೆ ಪುಸ್ತಕ ಮುಚ್ಚಿ ನಮ್ಮ ಮುಖ ನೋಡುತ್ತಿದ್ದ. 'ಬರ ಬಂತು, ಜನ ಸತ್ರು ಅಂತ ಬರ್ದವ್ನೆ. ಕಣಜದ ಬೀಗ ಯಾರ ತಾವ ಇತ್ತು? ಹೇಳ್ರಿ. ಸುಮ್ನೆ ಸಾಯಾಕಿಲ್ಲ ಯಾರೂವೆ.' ನಾವೆಲ್ಲ ಒಟ್ಟಿಗೆ 'ಯಾರು?' ಎನ್ನುತ್ತಿದ್ದೆವು. ಚಿಕ್ಕಮಕ್ಕಳು ಸಹ ಹಾಲು ಚೆಲ್ಲಿದರೆ ಬೆಕ್ಕಿನ ಮುಂದೆ ನಿಂತು 'ಯಾರು?' ಎಂದು ಗದರುವಷ್ಟು ಅದು ಕೇರಿಗೆ ಅಂಟಿತ್ತು.

ಹಲಗೆಯ ಮೇಲೆ ತಂತಿದೋಷ ಎಂದು ಬಂದಾಗ ಕೇರಿ ಅದೇ ಪ್ರಶ್ನೆ ಕೇಳಿತು. ಕಡಿದದ್ದು ಯಾರು? ಪ್ರಶ್ನೆ ಸರಿಯಾಗಿತ್ತು, ಹುಡುಕಿದ ಜಾಗ ತಪ್ಪಾಗಿತ್ತು. ತಂತಿಯೆಂದರೆ ತಾಮ್ರ. ಬೋರಲಿಂಗಣ್ಣ ಆಗಷ್ಟೇ ಮಗಳು ಮಾದೇವಿಯ ಮದುವೆಗೆಂದು ಒಂದು ತಾಮ್ರದ ಹಂಡೆ ತಂದಿದ್ದ. ಅಷ್ಟೇ ಸಾಕಾಯಿತು. ಮೊದಲು ಯಾರೋ ನಗುತ್ತ ಆಡಿದರು, ಆಮೇಲೆ ಯಾರೂ ನಗಲಿಲ್ಲ. ಮಂಚಮ್ಮನೇ ಅವನ ಜಗಲಿಗೆ ಹೋಗಿ ಆ ಹಂಡೆಗೆ ಉಗಿದು ಬಂದಳು. ಗಂಡಿನ ಕಡೆಯವರು ಸುದ್ದಿ ಕೇಳಿ ತಾಂಬೂಲ ವಾಪಸು ಕಳಿಸಿದರು. ಕೇರಿಯಲ್ಲಿ ಅವನೊಂದಿಗೆ ಮಾತು ನಿಂತಿತು. ಗಡಿಗಲ್ಲಿನ ಆಚೆ ಅವನ ಮಾತು ಕೇಳಿಸುವುದಿಲ್ಲ, ಈಚೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಓದುಕೂಟದ ಚಪ್ಪರದಡಿ ಆಡುಗಳು ಮಲಗತೊಡಗಿದವು.

ಸಭೆಯ ಹಿಂದಿನ ದಿನ ಬೆಳಿಗ್ಗೆ ಮಂಚಮ್ಮ ತಂತಿಮನೆಗೆ ಬಂದಳು. ಕಿಟಕಿಯಾಚೆ ನಿಂತು ನನ್ನನ್ನು ನೋಡಿ ಏನೋ ಹೇಳಿದಳು. ಅವಳ ಕತ್ತಿನ ನರ ಉಬ್ಬಿದ್ದು ಕಂಡಿತು, ಹಲ್ಲು ಕಂಡಿತು, ಸದ್ದಿಲ್ಲ. ಎರಡೂ ಕೈಯಿಂದ ಅಗೆದಂತೆ ಮಾಡಿ ತೋರಿಸಿದಳು. ಕೇರಿಯ ಈ ತುದಿಯಿಂದ ಆ ತುದಿಯವರೆಗೆ ಎಂದು ತೋಳು ಚಾಚಿದಳು. ಆಮೇಲೆ ಬರಿಗೈ ಬಿಡಿಸಿ ತೋರಿಸಿದಳು. ಕೇರಿಯಿಡೀ ಅಗೆದಿದ್ದಾರೆ, ಕಡಿದ ಜಾಗ ಸಿಕ್ಕಿಲ್ಲ. ಅವಳ ಉಗುರಿನ ಸಂದಿಯಲ್ಲಿ ಮಣ್ಣು, ಬೆರಳ ತುದಿಯಲ್ಲಿ ರಕ್ತ. ಕೊನೆಗೆ ಕಿಟಕಿಯ ಸರಳು ಹಿಡಿದು ನಿಂತುಬಿಟ್ಟಳು. ಕೇರಿಗೆ ಕೇರಿಯನ್ನೇ ಬೈದು ಬಾಯಿ ಮುಚ್ಚಿಸುತ್ತಿದ್ದ ಹೆಂಗಸು.

ಅವಳು ಹೋದ ಮೇಲೆ ನಾನು ಚುಟುಕು ಗುರುತನ್ನು ತೆಗೆದು ಉದ್ದದ ಉತ್ತರ ಕೇಳಿದೆ. ಪ್ರತಿ ಕೇರಿಯ ಹೆಸರಿನ ಮುಂದೆ ಚೂಪು ಮೂತಿಯ ಎರಡು ಆವರಣಗಳು, ಅವುಗಳ ನಡುವೆ ಕೆಲವು ಮಾತು. ಅಂದು ಬೆಳಿಗ್ಗೆ ಗಾಣಿಗರ ಬೀದಿಯ ತಂತಿಯ ಮೇಲೆ ಎಣ್ಣೆಯ ಗಾಡಿ ಹರಿದು ಆ ಬೀದಿಯೂ ಡೌನ್ ಆಗಿತ್ತು. ಹಾಗಾಗಿ ಎರಡು ಡೌನ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಸಾಧ್ಯವಾಯಿತು. ಗಾಣಿಗರ ಬೀದಿಯ ಆವರಣದೊಳಗೆ ‘ನೋ ಕ್ಯಾರಿಯರ್’ ಎಂದೂ ಇತ್ತು, ‘ಅಪ್’ ಎಂದೂ ಇತ್ತು. ಅಂದರೆ ತಂತಿಮನೆಯ ಕಡೆಯ ಬಾಗಿಲು ತೆರೆದಿದೆ, ಆಚೆಯಿಂದ ತಂತಿಯಲ್ಲಿ ಏನೂ ಬರುತ್ತಿಲ್ಲ. ಕಡಿದ ತಂತಿಯ ಲಕ್ಷಣ ಇದು. ಸುಣ್ಣದಕೇರಿಯ ಆವರಣದೊಳಗೆ ‘ನೋ ಕ್ಯಾರಿಯರ್’ ಇರಲಿಲ್ಲ. ‘ಅಪ್’ ಕೂಡ ಇರಲಿಲ್ಲ.

ತಂತಿಯಲ್ಲಿ ಜೀವ ಇದೆಯೇ ಎಂದು ಬೇರೆಯಾಗಿ ಕೇಳುವ ದಾರಿಯೊಂದಿದೆ. ಇದ್ದರೆ ಯಂತ್ರ ಒಂದು ಎನ್ನುತ್ತದೆ, ಇಲ್ಲದಿದ್ದರೆ ಸೊನ್ನೆ. ಗಾಣಿಗರ ಬೀದಿಗೆ ಕೇಳಿದೆ, ಸೊನ್ನೆ ಬಂತು. ಸುಣ್ಣದಕೇರಿಗೆ ಕೇಳಿದೆ. ಒಂದೂ ಬರಲಿಲ್ಲ, ಸೊನ್ನೆಯೂ ಬರಲಿಲ್ಲ. ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಎಂದಿತು. ಈ ಪ್ರಶ್ನೆ ಕೇಳುವಂಥದ್ದೇ ಅಲ್ಲ ಎಂದು. ಬಾಗಿಲನ್ನೇ ಮುಚ್ಚಿದ ಮೇಲೆ ಹೊರಗೆ ಯಾರಾದರೂ ಇದ್ದಾರೆಯೇ ಎಂದು ಯಂತ್ರವೂ ನೋಡುವುದಿಲ್ಲ. ತಂತಿ ಕಡಿದಿರಲಿಲ್ಲ. ಕಡಿದಿದೆಯೋ ಇಲ್ಲವೋ ಎಂದು ತಿಳಿಯುವ ದಾರಿಯನ್ನೂ ಸೇರಿಸಿ ಒಂದು ಕೈ ಆ ಕೇರಿಯನ್ನು ಇಳಿಸಿತ್ತು. ಎತ್ತಲು ನೋಡಿದೆ. ‘ಆಪರೇಷನ್ ನಾಟ್ ಪರ್ಮಿಟೆಡ್’ ಎಂದಿತು. ಇಳಿಸುವ, ಎತ್ತುವ ಅಧಿಕಾರ ಪರಮೇಶ್ವರಯ್ಯನವರ ಕುರ್ಚಿಯ ಮುಂದಿನ ಯಂತ್ರಕ್ಕೆ ಮಾತ್ರ.

ಹೋಗಿ ಕೇಳಿದೆ. 'ಸಾರ್, ಸುಣ್ಣದಕೇರಿ ಕಡಿದಿಲ್ಲ. ಇಳಿಸಿದ್ದಾರೆ.'

ಅವರು ಅಲ್ಲ ಎನ್ನಲಿಲ್ಲ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. 'ಉದ್ದದ ಉತ್ತರ ಕೇಳು ಅಂತ ನಿನಗೆ ಯಾರಮ್ಮ ಹೇಳಿದ್ದು?'

'ಯಾರು ಇಳಿಸಿದ್ದು ಸಾರ್?'

'ಊರಿನ ಶಾಂತಿಗೋಸ್ಕರ ಒಂದು ವ್ಯವಸ್ಥೆ ಅದು. ನಾಳೆ ಸಭೆ ಮುಗೀಲಿ, ತಾನಾಗೇ ಸರಿಹೋಗುತ್ತೆ.'

'ತಾನಾಗೇ ಹೋಗಲಿಲ್ಲವಲ್ಲ ಸಾರ್, ತಾನಾಗೇ ಹೇಗೆ ಬರುತ್ತೆ?'

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. 'ನೋಡಮ್ಮ, ನಿನ್ನ ಮೇಲೆ ನನಗೆ ಬೇಸರ ಇಲ್ಲ. ಈಗ ನೀನು ಇಷ್ಟು ಮಾತಾಡಿದೆಯಲ್ಲ, ಅದು ನನಗೆ ಕೇಳಿಸಿತಲ್ಲ, ಅದು ಮೇದರಕೇರಿಯ ತಂತಿ. ಆ ಕೋಣೆಯ ಬೀಗದ ಕೈ ಕೊಟ್ಟವರು ನಾವು. ಅದನ್ನು ಮನಸ್ಸಿನಲ್ಲಿಟ್ಟುಕೋ. ಹೋಗು, ಹಲಗೆ ಬರಿ.'

ಹಲಗೆ ಬರೆದೆ. ಸಂಜೆ ಕೇರಿಗೆ ಹೋದೆ.

ಗಡಿಗಲ್ಲು ದಾಟಿದ ಕೂಡಲೇ ಸದ್ದು ಕಿವಿಗೆ ಬಡಿಯಿತು. ಊರಿನಲ್ಲಿ ಬಾಯಿಲ್ಲದೆ ದಿನ ಕಳೆದವರೆಲ್ಲ ಇಲ್ಲಿ ಒಟ್ಟಿಗೆ ಮಾತಾಡುತ್ತಿದ್ದರು. ಬೀದಿಯ ಉದ್ದಕ್ಕೂ ಅಗೆದ ಕಾಲುವೆ. ಒಂದು ಮನೆಯಿಂದ ಇನ್ನೊಂದಕ್ಕೆ ಹಲಗೆ ಇಟ್ಟು ದಾಟುತ್ತಿದ್ದರು. ಮುದುಕ ಕರಿಯಣ್ಣ ನನ್ನನ್ನು ನೋಡಿದವನೇ, 'ಬಂದ್ಲು ನೋಡ್ರಪ್ಪ, ತಂತಿಮನೆ ದೊರೆಸಾನಿ. ಹೆಂಗವ್ವ, ಹಲಗೆ ಮೇಲೆ ನಮ್ಮ ಹೆಸ್ರು ಮುದ್ದಾಗ್ ಬರೀತೀಯಂತೆ?' ಎಂದು ಚುಚ್ಚಿದ. ಬೋರಲಿಂಗಣ್ಣ ತನ್ನ ಜಗಲಿಯ ಮೇಲೆ ಒಬ್ಬನೇ ಕೂತು ಗೋಡೆಗೆ ಬೆನ್ನು ಕೊಟ್ಟಿದ್ದ. ಯಾರೂ ಆ ಕಡೆ ನೋಡುತ್ತಿರಲಿಲ್ಲ.

ನಾನು ಸುತ್ತುಬಳಸಲಿಲ್ಲ. 'ತಂತಿ ಯಾರೂ ಕಡ್ದಿಲ್ಲ ಚಿಕ್ಕವ್ವ. ತಂತಿಮನೆಯಾಗೆ ಇಳ್ಸವ್ರೆ. ನಾಳೆ ನೀವು ಊಹೂಂ ಅನ್ನಬಾರ್ದು ಅಂತ.'

ನಾನು ಅಂದುಕೊಂಡದ್ದು ಎಲ್ಲರೂ ಸಿಟ್ಟಾಗುತ್ತಾರೆ ಎಂದು. ಆಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಲಾರದೆ ನೆಲ ನೋಡಿದರು. ನನ್ನ ಮಾತು ನಂಬಿದರೆ ಜಗಲಿಯ ಮೇಲೆ ಕೂತವನ ಕಡೆ ನೋಡಬೇಕಾಗುತ್ತಿತ್ತು.

'ಸುಳ್ಳು' ಎಂದ ಕರಿಯಣ್ಣ. 'ನಾನೇ ನಾಲಿಗೆಗೆ ಇಟ್ಟು ನೋಡಿವ್ನಿ. ಜೀವ ಇದ್ರೆ ಜುಮ್ ಅನ್ನಬೇಕು. ಎಲ್ಲೂ ಜುಮ್ ಅನ್ನಾಕಿಲ್ಲ. ಸತ್ತೋಗದೆ ತಂತಿ.'

'ಆ ತುದಿಯಲ್ಲೇ ಬಾಗಿಲು ಹಾಕವ್ರೆ ಕಣ ತಾತ, ಜುಮ್ ಅನ್ನೋದು ಎಲ್ಲಿಂದ ಬರಬೇಕು? ಅದಿರ್ಲಿ, ಎಲ್ಲಿ ಇಟ್ಟು ನೋಡಿದಿರಿ ನಾಲಿಗೆನ?'

ಆಗ ಮಂಚಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಉತ್ತರ ಕಾಲುವೆಯಲ್ಲೇ ಇತ್ತು. ನಾಲಿಗೆಗೆ ಇಡಬೇಕಾದರೆ ತಂತಿಯನ್ನು ಕೊಯ್ಯಬೇಕು. ಒಂದು ಕಡೆ ಕೊಯ್ದು ನೋಡಿದ್ದಾರೆ, ಜುಮ್ ಅನ್ನಲಿಲ್ಲ. ಇನ್ನೊಂದು ಕಡೆ ಕೊಯ್ದು ನೋಡಿದ್ದಾರೆ, ಅಲ್ಲೂ ಇಲ್ಲ. ಹೀಗೆ ಗಡಿಗಲ್ಲಿನವರೆಗೂ ಕೊಯ್ಯುತ್ತ ಬಂದಿದ್ದರು. ಸತ್ತ ತಂತಿಯನ್ನು ಮನೆಯೊಳಗೆ ಇಟ್ಟುಕೊಳ್ಳಬಾರದು, ಬೆಂಕಿಗೆ ಕೊಡಬೇಕು ಎಂದು ನಮ್ಮ ಕೇರಿಯ ಪದ್ಧತಿ. ಮೊದಲಿಗೆ ಗಡಿಗಲ್ಲಿನ ಹತ್ತಿರದ ತುಂಡನ್ನು ಆ ಮಧ್ಯಾಹ್ನವೇ ಗೂಡಿಗೆ ಹಾಕಿ ಸುಟ್ಟಿದ್ದರು. ಕಡಿಯದ ತಂತಿಯ ಕಡಿತ ಹುಡುಕುತ್ತ ನಮ್ಮವರು ತಮ್ಮ ಕೈಯಾರೆ ತಮ್ಮ ತಂತಿಯನ್ನು ಕಡಿದು ಸುಟ್ಟಿದ್ದರು. ಪರಮೇಶ್ವರಯ್ಯನವರ ಸುಳ್ಳು ನಮ್ಮ ಗುದ್ದಲಿಯಿಂದಲೇ ನಿಜವಾಗಿತ್ತು. ಯಾವ ಅಧಿಕಾರಕ್ಕೆ ಇದಕ್ಕಿಂತ ಹೆಚ್ಚಿನ ಸೇವೆ ಬೇಕು?

ಉಳಿದ ತುಂಡುಗಳನ್ನು ಹೊಸೆದು ಸೇರಿಸಬಹುದಿತ್ತು. ಸುಟ್ಟ ತುಂಡಿನ ಜಾಗಕ್ಕೆ ತಾಮ್ರ ಬೇಕಿತ್ತು. ಪೇಟೆಯಲ್ಲಿ ಸುಣ್ಣದಕೇರಿಯವರಿಗೆ ತಾಮ್ರ ಮಾರಬಾರದೆಂದು ಆಗಲೇ ಹೇಳಿಯಾಗಿತ್ತು. ಅದನ್ನೂ ಯಾರು ಹೇಳಿದರೆಂದು ಕೇಳಬೇಕಿಲ್ಲ. ಕೇರಿಯಲ್ಲಿ ಇದ್ದ ತಾಮ್ರ ಒಂದೇ. ಎಲ್ಲರಿಗೂ ಅದು ಹೊಳೆದಿತ್ತು.

ಮಂಚಮ್ಮ ಕಾಲುವೆ ದಾಟಿ ಹೋಗಿ ಬೋರಲಿಂಗಣ್ಣನ ಜಗಲಿಯ ಕೆಳಗೆ ನಿಂತಳು. 'ಬೋರಾ.'

ಅವನು ತಲೆ ಎತ್ತಲಿಲ್ಲ. 'ಯಾರ್ನವ್ವ ಕರೀತಿದ್ದೀಯ? ಆ ಹೆಸ್ರಿನೋನು ಈ ಕೇರೀಲಿ ಸತ್ತು ಎಷ್ಟೋ ದಿನ ಆಯ್ತಲ್ಲ.'

'ಆಡಬಾರದ್ದು ಆಡ್ದೆ ಕಣೋ. ನಿನ್ನ ಹಂಡೆಗೆ ಉಗ್ದೋಳು ನಾನು. ಈಗ ಅದೇ ಹಂಡೆ ಕೇಳಕ್ಕೆ ಬಂದಿವ್ನಿ. ನಾಚ್ಕೆಗೆಟ್ಟೋಳು ಅಂತ ಬೈದ್ಬುಡು, ಆಮೇಲೆ ಕೊಡು.'

'ಬೈಯಾಕಿಲ್ಲ' ಎಂದ ಬೋರಲಿಂಗಣ್ಣ. 'ಬೈದ್ರೆ ನಿಂಗೆ ಹಗುರ ಆಯ್ತದೆ.'

ಅವನು ಕೊಡದಿದ್ದರೆ ಕೇಳುವ ಹಕ್ಕು ನಮಗೆ ಯಾರಿಗೂ ಇರಲಿಲ್ಲ. ಒಳಗಿಂದ ಮಾದೇವಿ ಹಂಡೆಯನ್ನು ಸೊಂಟದ ಮೇಲೆ ಹೊತ್ತು ಬಂದು ಅಪ್ಪನ ಮುಂದೆ ಕುಕ್ಕಿದಳು. ಹೊಸ ತಾಮ್ರ ಸಂಜೆಯ ಬೆಳಕಿನಲ್ಲಿ ಕೆಂಪಗೆ ಮಿಂಚಿತು. 'ಕೊಯ್ಯಪ್ಪ. ಇದ್ರಾಗೆ ನೀರು ಕಾಯ್ಸಿ ಮೀಯಾಕೆ ನಂಗೆ ಮನಸ್ಸಿಲ್ಲ. ತಂತಿ ಕದ್ದು ಹಂಡೆ ಮಾಡ್ಕೊಂಡ್ರು ಅಂದ್ರಲ್ಲ, ಹಂಡೆ ಕೊಯ್ದು ತಂತಿ ಆಗೋದ್ನ ಇವ್ರೆಲ್ಲ ನಿಂತ್ಕೊಂಡು ನೋಡ್ಲಿ.'

ಬೋರಲಿಂಗಣ್ಣ ಮಗಳ ಮುಖವನ್ನೇ ನೋಡಿದ. ಎದ್ದು, ತಗಡು ಕೊಯ್ಯುವ ಕತ್ತರಿ ತಂದು, ಹಂಡೆಯ ಕಂಠಕ್ಕೆ ಹಾಕಿದ. ತಾಮ್ರ ಕೊಯ್ಯುವಾಗ ಬರುವ ಸದ್ದು ಬೇರೆ. ಆ ಸದ್ದಿಗೆ ಕರಿಯಣ್ಣ ಕಾಲುವೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಅತ್ತ. ಯಾರೂ ಅವನನ್ನು ಸಮಾಧಾನ ಮಾಡಲಿಲ್ಲ.

ನಾನು ಹೇಳಿದೆ: 'ನಾಳೆ ಹೆಂಗಾದರೂ ಮಾಡಿ ಬಾಗಿಲು ನಾನು ತೆಗೀತೀನಿ. ಕೂಗೋ ಹೊತ್ತಿಗೆ ತಂತಿ ನೀವು ಸೇರ್ಸಿರಬೇಕು.' ಬೋರಲಿಂಗಣ್ಣ ಕತ್ತರಿ ನಿಲ್ಲಿಸದೆ ಕೇಳಿದ, 'ತೆಗೆದ ಮ್ಯಾಲೆ ನಿಂಗೆ ಆ ಕೋಣೆ ಇರ್ತದಾ ಮಗಾ?' ಇರುವುದಿಲ್ಲ ಎಂದೆ. ಅವನು ಹೂಂ ಎಂದು ಕತ್ತರಿ ಮುಂದೆ ಒತ್ತಿದ. ಮಲಗಲು ನಾನು ಮೇದರಕೇರಿಗೆ ಮರಳಿದೆ.

ಮಾರನೆಯ ದಿನ ಸಭೆ ತಂತಿಮನೆಯ ಹಜಾರದಲ್ಲೇ ಸೇರಿತು. ಕೋಟೆಬೀದಿಯವರು ಮುಂದೆ, ಗಾಣಿಗರು ಮೇದರು ನಡುವೆ, ನಮ್ಮವರು ಹಿಂದಿನ ಗೋಡೆಗೆ ಒರಗಿ. ಗೋಡೆಯ ಬಿಳುಪು, ಅವರ ಮೈಮೇಲಿನ ಸುಣ್ಣದ ಬಿಳುಪು ಒಂದೇ ಆಗಿ, ಕಣ್ಣುಗಳು ಮಾತ್ರ ಬೇರೆಯಾಗಿ ಕಾಣುತ್ತಿದ್ದವು. ಬೋರಲಿಂಗಣ್ಣ ಅವರಲ್ಲಿ ಇರಲಿಲ್ಲ. ಅವನು ಗಡಿಗಲ್ಲಿನ ಬಳಿ ಕಾಲುವೆಯಲ್ಲಿದ್ದ. ಕೆಲಸ ಮುಗಿದಿಲ್ಲ ಎಂದು ಮಂಚಮ್ಮ ಬಾಗಿಲಲ್ಲಿ ನನಗೆ ಕೈಸನ್ನೆಯಲ್ಲಿ ಹೇಳಿದ್ದಳು.

ಅಧ್ಯಕ್ಷರು ಬಂದಾಗ ಹಾರ ಹಾಕಲು ಪರಮೇಶ್ವರಯ್ಯನವರು ಹಜಾರದ ಮೂಲೆಯಲ್ಲಿ ಯಂತ್ರದ ಮುಂದಿದ್ದ ತಮ್ಮ ಕುರ್ಚಿ ಬಿಟ್ಟು ಎದ್ದರು. ನಾನು ಹೋಗಿ ಆ ಕುರ್ಚಿಯಲ್ಲಿ ಕೂತೆ. ಅದು ಬೆಚ್ಚಗಿತ್ತು. ಸುಣ್ಣದಕೇರಿಯನ್ನು ಎತ್ತು ಎಂದು ಒತ್ತಿದೆ. ಯಂತ್ರ ಏನೂ ಹೇಳಲಿಲ್ಲ. ಹೇಳಿದ ಮಾತು ನಡೆಸಿಕೊಟ್ಟಾಗ ಅದು ಏನನ್ನೂ ಹೇಳುವುದಿಲ್ಲ, ಗೆರೆ ಮಾತ್ರ ಮಿಣುಕುತ್ತದೆ. ಉದ್ದದ ಉತ್ತರ ಕೇಳಿದೆ. ಸುಣ್ಣದಕೇರಿಯ ಆವರಣದೊಳಗೆ ಅಷ್ಟು ದಿನದ ಮೇಲೆ ‘ಅಪ್’ ಬಂದಿತ್ತು. ಅದರ ಮುಂದೆ ‘ನೋ ಕ್ಯಾರಿಯರ್’.

ಅಷ್ಟರಲ್ಲಿ ಅಧ್ಯಕ್ಷರು ಮೊದಲ ಸಲ ಕೂಗಿದರು. 'ಸುಣ್ಣದಕೇರಿ.' ಹಿಂದಿನ ಗೋಡೆಯಲ್ಲಿ ಬಾಯಿಗಳು ತೆರೆದವು. ಸದ್ದಿಲ್ಲ.

ಪರಮೇಶ್ವರಯ್ಯನವರು ವಾಪಸು ಬಂದು ನನ್ನನ್ನು ನೋಡಿ ಬೆವರಿದರು. 'ಏನಮ್ಮ ಮಾಡ್ತಿದ್ದೀಯ ಇಲ್ಲಿ? ಏಳು.'

'ತಂತಿದೋಷ ಇದೆಯಾ ಅಂತ ನೋಡ್ತಿದ್ದೀನಿ ಸಾರ್.'

ಅವರು ಬಾಗಿ ಪರದೆ ನೋಡಿದರು. ಓದಿದರು, ಇನ್ನೊಮ್ಮೆ ಓದಿದರು. ಅವರ ಮುಖದ ಮೇಲೆ ಬಂದ ನೆಮ್ಮದಿಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಸುಳ್ಳು ಹೇಳಿ ಸಿಕ್ಕಿಬೀಳುವ ಭಯದಲ್ಲಿದ್ದ ಮನುಷ್ಯನಿಗೆ ತನ್ನ ಸುಳ್ಳೇ ಸತ್ಯವಾಗಿ ಎದುರು ನಿಂತಾಗ ಬರುವ ನೆಮ್ಮದಿ ಅದು. 'ನೋಡಿದೆಯಾ? ನೋ ಕ್ಯಾರಿಯರ್! ನಾನು ಹೇಳಿದ್ದು ಸುಳ್ಳೇನು? ಇರಲಿ ಬಿಡು, ಇದನ್ನು ಹೀಗೇ ಇರಿಸು. ಬಾಗಿಲು ನಾವು ತೆರೆದೇ ಇಟ್ಟಿದ್ದೆವು ಅಂತಾಯಿತು. ನಿಯಮಕ್ಕೆ ಏನೂ ಕೊರತೆ ಇಲ್ಲ.' ಇಳಿಸಲು ಚಾಚಿದ್ದ ಬೆರಳನ್ನು ಮಡಚಿಕೊಂಡು, ಕೈಕಟ್ಟಿ ನನ್ನ ಹಿಂದೆಯೇ ನಿಂತರು.

'ಸುಣ್ಣದಕೇರಿ' ಎಂದು ಎರಡನೆಯ ಸಲ ಕೂಗಿದರು. ಮಂಚಮ್ಮನ ಬಾಯಿ ಮುಚ್ಚಲೇ ಇಲ್ಲ, ಒಂದೇ ಸಮನೆ ಆಡುತ್ತಿತ್ತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಮತ್ತೆ ಮತ್ತೆ ಅದೇ ಪ್ರಶ್ನೆ ಕೇಳುತ್ತಿದ್ದೆ, ಯಂತ್ರ ಅದೇ ಉತ್ತರ ಹೇಳುತ್ತಿತ್ತು. ಅಧ್ಯಕ್ಷರು ಲೋಟ ಎತ್ತಿ ನೀರು ಕುಡಿದರು, ಟವಲಿನಿಂದ ತುಟಿ ಒರೆಸಿಕೊಂಡರು, ಉದ್ಯಾನದ ಕಾರಂಜಿಯ ಬಗ್ಗೆ ಪಕ್ಕದವರಿಗೆ ಏನೋ ಹೇಳಿದರು. ಆಮೇಲೆ ಮೂರನೆಯ ಸಲ ಬಾಯಿ ತೆರೆದರು.

ಪರದೆಯ ಮೇಲೆ ‘ನೋ ಕ್ಯಾರಿಯರ್’ ಇರಲಿಲ್ಲ. ಆ ಸಾಲಿನ ಕೊನೆಯಲ್ಲಿ ‘ಲೋಯರ್ ಅಪ್’ ಎಂದು ಬಂದಿತ್ತು. ಅಂದರೆ ಕೆಳಗಿನ ತಂತಿಗೆ ಜೀವ ಬಂದಿದೆ.

ಮೊದಲು ಕೇಳಿಸಿದ್ದು ಕೆಮ್ಮು. ಹಿಂದಿನ ಗೋಡೆಯುದ್ದಕ್ಕೂ ಕೆಮ್ಮು. ಸುಣ್ಣ ಕುಡಿದ ಎದೆಗಳ ಕೆಮ್ಮು. ಅಷ್ಟು ದಿನ ಅದೂ ಊರಿಗೆ ಕೇಳಿಸಿರಲಿಲ್ಲ. ಮುಂದಿನ ಸಾಲಿನವರು ಬೆಚ್ಚಿ ಹಿಂತಿರುಗಿ ನೋಡಿದರು, ಗೋಡೆಯೇ ಕೆಮ್ಮಿತೇನೋ ಎಂಬ ಹಾಗೆ. ಅದರ ನಡುವಿನಿಂದ ಮಂಚಮ್ಮನ ದನಿ, ಒಡೆದು, ಮತ್ತೆ ಕೂಡಿಕೊಂಡು ಬಂತು. 'ಊಹೂಂ. ಊಹೂಂ ಅಂದೆ ಕಣ್ರಪ್ಪ. ಆವಾಗ್ಲಿಂದ ಅಂತಾನೇ ಇವ್ನಿ. ಕೇಳ್ತಾ?'

ಅಧ್ಯಕ್ಷರು ಪರಮೇಶ್ವರಯ್ಯನವರ ಕಡೆ ನೋಡಿದರು. ಪರಮೇಶ್ವರಯ್ಯನವರು ನೆಲ ನೋಡಿದರು. ಇಡೀ ಸಭೆಯ ಮುಂದೆ, ಕೇಳಿಸಿದ ಮೇಲೆ, ಇಳಿಸಲು ಅವರಿಗೆ ಕೈ ಬರಲಿಲ್ಲ. 'ತಂತಿದೋಷ ಇತ್ತು, ಈಗ ಸರಿಹೋಗಿದೆ' ಎಂದು ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. 'ವಿಷಯ ಬಿದ್ದಿದೆ. ಮುಂದಿನದು.'

ಮುಂದಿನದಕ್ಕೆ ಹೋಗಲು ಆಗಲಿಲ್ಲ. ಹಿಂದಿನ ಗೋಡೆಯಿಂದ ಕರಿಯಣ್ಣ ಕೇಳಿದ, 'ಇಳ್ಸಿದ್ದು ಯಾರು?' ಆಮೇಲೆ ಮಾದೇವಿ ಕೇಳಿದಳು. ಆಮೇಲೆ ಎಲ್ಲರೂ, ಗೂಡಿನ ಚಪ್ಪರದಡಿ ಕೇಳುತ್ತಿದ್ದಂತೆ, ಒಟ್ಟಿಗೆ. 'ಯಾರು?' ಕುರ್ಚಿಯಿಂದ ಎದ್ದು ನಾನೂ ಕೇಳಿದೆ. ನನ್ನ ಮಾತು ಮೇದರಕೇರಿಯ ತಂತಿಯಲ್ಲಿ ಹೋದ ಕೊನೆಯ ಸಲ ಅದು.

ಅಂದೇ ಸಂಜೆ ಕೋಣೆಯ ಬೀಗದ ಕೈ ವಾಪಸು ಕೊಟ್ಟು, ಚಾಪೆ ಸುತ್ತಿಕೊಂಡು ಕೇರಿಗೆ ಬಂದೆ. ಇಂಥ ದಿನಗಳು ಬಹಳ ಬಾಳುವುದಿಲ್ಲ. ವಾರ ಕಳೆಯುವುದರೊಳಗೆ ಸುಣ್ಣದಕೇರಿ ಮತ್ತೆ ಡೌನ್. ಕೀಲಿಮಣೆಗೆ ಬಂದಿರುವ ಹೊಸ ಹುಡುಗಿ ಹಲಗೆಯ ಮೇಲೆ ದಿನಾ ತಂತಿದೋಷ ಎಂದು ಬರೆಯುತ್ತಾಳೆ. ಬಿದ್ದ ವಿಷಯವನ್ನು ಬೇರೆ ಹೆಸರಿಟ್ಟು ಮತ್ತೆ ತರುತ್ತಾರೆ ಎಂಬುದು ನಮಗೆ ಗೊತ್ತಿದೆ.

ಆದರೆ ಈಗ ಯಾರೂ ಅಗೆಯುವುದಿಲ್ಲ. ಕಾಲುವೆಗಳನ್ನು ಮುಚ್ಚಿದ್ದೇವೆ. ಬೆಳಿಗ್ಗೆ ಕೆಲಸಕ್ಕೆ ಹೊರಟ ಕೇರಿ ಮೊದಲು ತಂತಿಮನೆಯ ಮುಂದೆ ನಿಲ್ಲುತ್ತದೆ. ಎಲ್ಲರ ಬಾಯಿ ಒಟ್ಟಿಗೆ ತೆರೆಯುತ್ತದೆ. ಸದ್ದಿಲ್ಲ. ನಮ್ಮ ತುಟಿ ಏನು ಕೇಳುತ್ತಿದೆ ಎಂದು ಈಗ ಊರಿನವರಿಗೆ ಓದಲು ಬರುತ್ತದೆ. ಕೆಲವರು ದಾರಿ ಬದಲಿಸುತ್ತಾರೆ, ಗಾಣಿಗರ ಬೀದಿಯ ಇಬ್ಬರು ಮೂವರು ನಮ್ಮ ಪಕ್ಕದಲ್ಲಿ ನಿಲ್ಲತೊಡಗಿದ್ದಾರೆ. ಕಿಟಕಿಯ ಒಳಗಿನ ಹೊಸ ಹುಡುಗಿ ತಲೆ ಎತ್ತಿ ನಮ್ಮನ್ನು ನೋಡುತ್ತಾಳೆ. ಒಂದು ದಿನ ಅವಳೂ ಉದ್ದದ ಉತ್ತರ ಕೇಳುತ್ತಾಳೆ.

ಸಂಜೆ ಚಪ್ಪರದಡಿ ಆಡುಗಳನ್ನು ಎಬ್ಬಿಸಿ ಓದುಕೂಟ ಸೇರುತ್ತದೆ. ಬೋರಲಿಂಗಣ್ಣ ಓದುತ್ತಾನೆ. ಹಂಡೆ ಕೊಯ್ದ ಸಂಜೆಯ ಮೇಲೆ ಮಂಚಮ್ಮನೊಂದಿಗೆ ಅವನು ಮಾತಾಡಿಲ್ಲ, ಅವಳೂ ಬಲವಂತ ಮಾಡಿಲ್ಲ. ಪುಸ್ತಕ ಮುಚ್ಚಿ ‘ಯಾರು?’ ಎಂದು ಕೇಳುವಾಗ ಮಾತ್ರ ಅವನು ಬೇರೆ ಯಾರ ಮುಖವನ್ನೂ ನೋಡುವುದಿಲ್ಲ, ಅವಳ ಮುಖವನ್ನೇ ನೋಡುತ್ತಾನೆ. ಅವಳು ಯೋಚಿಸಿ, ನಿಧಾನವಾಗಿ ಉತ್ತರ ಹೇಳುತ್ತಾಳೆ. ಗಡಿಗಲ್ಲಿನ ಬಳಿ ಒಂದು ಗೇಣು ಜಾಗವನ್ನು ಮಾತ್ರ ನಾವು ಮಣ್ಣು ಹಾಕಿ ಮುಚ್ಚಿಲ್ಲ. ಹಂಡೆಯಿಂದ ಕೊಯ್ದ ಪಟ್ಟಿ ಅಲ್ಲಿದೆ, ಈಗ ಅಂಚಿನಲ್ಲಿ ಹಸಿರು ಕಟ್ಟಿದೆ. ತಂತಿ ಕಡಿದಿದೆ ಎಂದು ಯಾರಾದರೂ ಮತ್ತೆ ಹೇಳಿದರೆ ಕರೆದುಕೊಂಡು ಹೋಗಿ ತೋರಿಸುತ್ತೇವೆ.